ಆಕ್ಷೇಪ ದಾಖಲಾಗಲಿ: ದಿನಚರಿಯ ಪುಟಗಳು

2022 ಮಾರ್ಚ್ 18, ಶುಕ್ರವಾರ

ನಿನ್ನೆ ಪೇಟೆಯಲ್ಲಿ ಅರ್ಧಕ್ಕರ್ಧ ಅಂಗಡಿ ಬಂದ್. ತರಗತಿಯಲ್ಲಿ ಹಿಜಾಬ್ ನಿಷೇಧವನ್ನು ಎತ್ತಿಹಿಡಿದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮಂಗಳವಾರ ಕೊಟ್ಟ ತೀರ್ಪಿನಿಂದ ನೊಂದ ಮುಸ್ಲಿಮರು ರಾಜ್ಯದುದ್ದಕ್ಕೂ ತಮ್ಮ ಅಂಗಡಿಗಳ ಬಾಗಿಲು ಹಾಕಿದ್ದರು. ನಮ್ಮೂರಲ್ಲಿ ಯಾರೂ ಕಲ್ಲು ಎಸೆಯಲಿಲ್ಲ, ಬೇರೆಯವರ ಅಂಗಡಿ ಮುಚ್ಚಿಸಲಿಲ್ಲ, ಘೋಷಣೆಯೂ ಇರಲಿಲ್ಲ. ಈ ಜಿಲ್ಲೆಯಲ್ಲಿ ಎಲ್ಲ ಪಕ್ಷದವರ ಹರತಾಳಗಳನ್ನೂ ನೋಡಿದ್ದೇನೆ. ಇಷ್ಟು ಸದ್ದಿಲ್ಲದ ಬಂದ್ ನೋಡಿದ್ದು ಕಡಿಮೆ.

ತೀರ್ಪಿನ ಬಗ್ಗೆ ವಕೀಲರು ವಾದಿಸಲಿ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಿದವಳಿಗೆ ಕಾಣುವುದು ಗೇಟಿನ ಹೊರಗೆ ನಿಂತ ವಿದ್ಯಾರ್ಥಿನಿಯರು ಮಾತ್ರ. ಪರೀಕ್ಷೆ ಹತ್ತಿರ ಬಂದಿದೆ. ತಲೆಯ ಮೇಲಿನ ಬಟ್ಟೆಗಾಗಿ ಒಂದು ವರ್ಷದ ಓದು ಹೋದರೆ ಅದನ್ನು ಅವರಿಗೆ ತುಂಬಿಕೊಡುವವರು ಯಾರು?

ರಾತ್ರಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ. ಕೋರ್ಟಿಗೆ ಗೌರವ ಕೊಡದವರಿಗೆ ನಮ್ಮ ಜಾತ್ರೆಯಲ್ಲಿ ಜಾಗ ಯಾಕೆ ಕೊಡಬೇಕು ಎಂದು ಕೇಳಿದ್ದಾರೆ. ಕೆಳಗೆ ಸಾಲುಸಾಲು ಹೆಬ್ಬೆರಳುಗಳು. ಅದರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ.

ಮಾರ್ಚ್ 22, ಮಂಗಳವಾರ

ಕಾಪುವಿನಲ್ಲಿ ಇವತ್ತು ಸುಗ್ಗಿ ಮಾರಿಪೂಜೆ. ಆಟಿ, ಜಾರ್ದೆ, ಸುಗ್ಗಿ ಎಂದು ವರ್ಷಕ್ಕೆ ಮೂರು ಸಲ ನಡೆಯುವ ಮಾರಿಪೂಜೆಗಳಲ್ಲಿ ಇದಕ್ಕೇ ಹೆಚ್ಚು ಜನ. ಈ ಸಲ ಹಿಂದೂಗಳಲ್ಲದವರಿಗೆ ಅಂಗಡಿ ಹಾಕಲು ಅವಕಾಶವಿಲ್ಲ. ಕಾನೂನಿಗೆ ಬೆಲೆ ಕೊಡದವರು, ಗೋವು ಕೊಲ್ಲುವವರು ಎಂದೆಲ್ಲ ಬರೆದ ಬ್ಯಾನರ್‌ಗಳು ಕರಾವಳಿಯ ಬೇರೆ ದೇವಸ್ಥಾನಗಳ ದಾರಿಗೂ ಬಂದಿವೆ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲೂ ಹೀಗೇ ಆಗಿದೆ. ಇದೇ ಕಾಪುವಿನ ಮಾರಿಗುಡಿಯಲ್ಲಿ ದೇವಿಯ ಮುಂದೆ ನಾಗಸ್ವರ ನುಡಿಸುತ್ತ ಬಂದಿರುವುದು ಒಂದು ಮುಸ್ಲಿಂ ಕುಟುಂಬ, ಅದೂ ತಲೆಮಾರುಗಳಿಂದ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿಯನ್ನು ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಎಂದು ಸ್ಥಳಪುರಾಣವೇ ಹೇಳುತ್ತದೆ. ಅವನ ಮನೆತನಕ್ಕೆ ಇಂದಿಗೂ ಜಾತ್ರೆಯಲ್ಲಿ ಪ್ರಸಾದದ ಗೌರವ ಸಲ್ಲುತ್ತದೆ. ಅಲ್ಲಿಯೂ ಬ್ಯಾನರ್ ಬಂತು.

ಮಧ್ಯಾಹ್ನ ಮುಸ್ಲಿಂ ಬಳೆಯವಳ ಮನೆಗೆ ಹೋಗಿದ್ದೆ. ನಮ್ಮ ಜಾತ್ರೆಗೆ ಅವಳ ಅತ್ತೆ ಬರುತ್ತಿದ್ದ ಕಾಲದಿಂದ ನನ್ನ ಕೈಗೆ ಬಳೆ ತೊಡಿಸಿದ್ದು ಅವರೇ. ಅಂಗೈಯನ್ನು ತನ್ನ ಮಂಡಿಯ ಮೇಲಿಟ್ಟು, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ಸಡಿಲಿಸಿ, ಗಾಜಿನ ಬಳೆ ಒಡೆಯದ ಹಾಗೆ ಏರಿಸುತ್ತಾಳೆ. ಅಳತೆಪಟ್ಟಿ ಮುಟ್ಟಿದ್ದನ್ನು ನಾನು ಕಂಡಿಲ್ಲ. ಕೈ ಹಿಡಿದರೆ ಸಾಕು, ಎರಡೂಕಾಲೋ ಎರಡೂವರೆಯೋ ಎಂದು ಹೇಳಿಬಿಡುತ್ತಾಳೆ. ಮದುಮಗಳಿಗಾದರೆ ಒಂದು ಬಳೆ ಹೆಚ್ಚಿಗೆ ಹಾಕಿ, ಅದಕ್ಕೆ ದುಡ್ಡು ಮುಟ್ಟುವುದಿಲ್ಲ.

ಅವಳ ಮನೆಯ ಒಳಕೋಣೆಯಲ್ಲಿ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಜಾತ್ರೆಯ ಕಾಲ ಕಾರ್ತಿಕಕ್ಕೆ ಶುರುವಾಗಿ ಪತ್ತನಾಜೆಗೆ ಮುಗಿಯುತ್ತದೆ. ಆ ಆರೇಳು ತಿಂಗಳಲ್ಲಿ ದುಡಿದದ್ದನ್ನೇ ಮಳೆಗಾಲದಲ್ಲಿ ಉಣ್ಣಬೇಕು. ಕೊರೊನಾದಿಂದ ಎರಡು ವರ್ಷದ ಜಾತ್ರೆ ಹೋಗಿತ್ತು. ಈ ವರ್ಷ ಬಡ್ಡಿಗೆ ಸಾಲ ತಂದು ಸರಕು ತುಂಬಿಸಿದ್ದಾಳೆ. ಜಾತ್ರೆಯ ಮಾತನ್ನು ನಾನು ತೆಗೆಯಲಿಲ್ಲ, ಅವಳೇ ಕೇಳಿದಳು: "ಟೀಚರೇ, ಏಲಂ ಇದೆಯಲ್ಲ? ನಾನು ಬರಬಹುದಾ?"

ನಾನು ನಮ್ಮೂರ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯ ಸದಸ್ಯೆ ಎಂಬುದು ಅವಳಿಗೆ ಗೊತ್ತು. "ಬರಬೇಕು" ಅಂದೆ. ಹಾಗೆ ಹೇಳಿದ ಮೇಲೆ ಅದಕ್ಕೆ ನಾನು ಹೊಣೆ.

ಮಾರ್ಚ್ 24, ಗುರುವಾರ

ವಿಧಾನಸಭೆಯಲ್ಲಿ ನಿನ್ನೆ ಇದೇ ವಿಷಯ. ಯು.ಟಿ. ಖಾದರ್, ರಿಜ್ವಾನ್ ಅರ್ಷದ್ ಎತ್ತಿದ ಪ್ರಶ್ನೆಗೆ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿ 2002ರ ನಿಯಮವೊಂದನ್ನು ಮುಂದಿಟ್ಟರು. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯಿದೆಯಡಿ ರೂಪಿಸಿದ ನಿಯಮಗಳಲ್ಲಿ 31ನೆಯದರ 12ನೇ ಉಪನಿಯಮ ಅದು. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎನ್ನುತ್ತದೆ. ಆವರಣದ ಹೊರಗೆ ತಡೆದಿದ್ದರೆ ಸರಿಪಡಿಸುತ್ತೇವೆ ಎಂದೂ ಸಚಿವರು ಹೇಳಿದ್ದಾರೆ. ಆ ನಿಯಮ ಬಂದಾಗ ಇದ್ದದ್ದು ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರ. ಇಪ್ಪತ್ತು ವರ್ಷ ಯಾರೂ ಅದನ್ನು ತೆಗೆಯಲಿಲ್ಲ. ಹಾಗಾಗಿ ಇದನ್ನು ಒಂದು ಪಕ್ಷದ ತಲೆಗೆ ಮಾತ್ರ ಕಟ್ಟಲಾರೆ.

ಸಂಜೆ ನಿಯಮಗಳ ಪುಸ್ತಕ ತರಿಸಿ ಓದಿದೆ. 31ನೇ ನಿಯಮ ಇರುವುದು ಸ್ಥಿರಾಸ್ತಿಯ ಗುತ್ತಿಗೆಯ ಬಗ್ಗೆ. ನಾಲ್ಕು ಕಂಬ ನೆಟ್ಟು ತಾಡಪಾಲು ಕಟ್ಟಿ ಮೂರು ದಿನ ಬಳೆ ಮಾರಿ ಎದ್ದುಹೋಗುವುದನ್ನು ಆ ಸಾಲಿಗೆ ಸೇರಿಸಲು ನನಗಂತೂ ಮನಸ್ಸು ಒಪ್ಪುವುದಿಲ್ಲ. ಇಷ್ಟು ವರ್ಷ ಇಲಾಖೆಯೂ ಹಾಗೆ ಸೇರಿಸಿರಲಿಲ್ಲ. ಸೇರಿಸಿದ್ದರೆ ಜಿಲ್ಲೆಯ ಜಾತ್ರೆಗಳಲ್ಲಿ ಬ್ಯಾರಿಗಳ ಅಂಗಡಿ ಇರುತ್ತಲೇ ಇರಲಿಲ್ಲ.

ಮಾರ್ಚ್ 27, ಭಾನುವಾರ

ಸಭೆ ನಡೆಯಿತು. ಇನ್ನೂ ಮೈ ಬಿಸಿಯಾಗಿಯೇ ಇದೆ. ಮರೆಯುವ ಮೊದಲು ಬರೆದಿಡುತ್ತೇನೆ.

ನಮ್ಮದು ಮುಜರಾಯಿ ಕಾಯಿದೆಯಡಿ ನೇಮಕವಾದ ಒಂಬತ್ತು ಜನರ ಸಮಿತಿ. ಹೆಂಗಸರಿಗೆಂದು ಕಾಯಿದೆಯಲ್ಲೇ ಎರಡು ಸ್ಥಾನ ಇಟ್ಟಿದ್ದಾರೆ, ನಾನು ಅದರಲ್ಲಿ ಒಬ್ಬಳು. ಜಾತ್ರೆಯ ಅಂಗಡಿ ಜಾಗಗಳ ಏಲಂ ವಿಷಯ ಬಂದಾಗ ಅಧ್ಯಕ್ಷರು ಒಂದು ಮನವಿಪತ್ರ ಓದಿದರು. ಕೊಟ್ಟವರು ಇಪ್ಪತ್ತರ ಆಸುಪಾಸಿನ ಹುಡುಗರು. ಅಂಗಡಿಗಳನ್ನು ಹಿಂದೂಗಳಿಗೆ ಮಾತ್ರ ಕೊಡಬೇಕು, ಇಲ್ಲದಿದ್ದರೆ ಮುಂದಾಗುವುದಕ್ಕೆ ನೀವೇ ಜವಾಬ್ದಾರರು ಎಂದಿತ್ತು.

ಮೇಜಿನ ಸುತ್ತ ಕೂತವರಲ್ಲಿ ಮುಸ್ಲಿಮರನ್ನು ದ್ವೇಷಿಸುವವರು ಒಬ್ಬರೂ ಇಲ್ಲ. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅಧ್ಯಕ್ಷರ ಅಡಿಕೆ ಹೋಗುವುದು ಬ್ಯಾರಿ ಸಾಹುಕಾರರ ಮಂಡಿಗೆ. ಇನ್ನೊಬ್ಬರ ಮಗ ದುಬೈಯಲ್ಲಿ ಮುಸ್ಲಿಂ ಗೆಳೆಯನ ಕೋಣೆಯಲ್ಲೇ ಇದ್ದಾನೆ. ಆದರೂ ಒಬ್ಬೊಬ್ಬರಾಗಿ ಹೇಳಿದ್ದು ಒಂದೇ: "ಸುಮ್ಮನೆ ಗಲಾಟೆ ಯಾಕೆ? ಇದೊಂದು ವರ್ಷ ಬಿಟ್ಟುಬಿಡುವ." ನನಗೆ ಹೆದರಿಕೆ ಹುಟ್ಟಿಸಿದ್ದು ಆ ಮನವಿಪತ್ರ ಅಲ್ಲ, ಈ ಮೆದು ದನಿ. ಬೆದರಿಸಿದವರು ನಾಲ್ಕೈದು ಮಂದಿ. ಅವರ ಮಾತಿಗೆ ಮುದ್ರೆ, ನಿರ್ಣಯದ ಸಂಖ್ಯೆ, ಸರ್ಕಾರದ ಹೆಸರು ಎಲ್ಲ ಸಿಗುವುದು ನಮ್ಮಂಥ ಒಳ್ಳೆಯವರ ಕೈಯಿಂದ.

ನಾನು ಎದ್ದು ನಿಂತೆ. ಗಲಾಟೆ ಮಾಡುತ್ತೇವೆ ಎಂದವರನ್ನು ಬಿಟ್ಟು, ಗಲಾಟೆ ಮಾಡದವರ ಅನ್ನ ಕಿತ್ತುಕೊಳ್ಳುವುದು ಎಂಥ ಶಾಂತಿ ಎಂದು ಕೇಳಿದೆ. ಬೆದರಿಕೆ ಇದ್ದರೆ ಪೊಲೀಸರಿಗೆ ದೂರು ಕೊಡಬೇಕು, ಬಳೆಯವಳಿಗೆ ಶಿಕ್ಷೆ ಕೊಡಬಾರದು. ಅವಳು ಯಾವ ಕೋರ್ಟಿಗೆ ಅಗೌರವ ತೋರಿದ್ದಾಳೆ? ಒಂದು ದಿನ ತನ್ನದೇ ಅಂಗಡಿಯ ಬಾಗಿಲು ಹಾಕುವುದು ಅಪರಾಧವಾಗಿದ್ದರೆ ಈ ಊರಿನಲ್ಲಿ ಅಪರಾಧಿಗಳಲ್ಲದವರು ಯಾರು?

ಒಬ್ಬ ಸದಸ್ಯರು ಸಂವಿಧಾನದ 26ನೇ ವಿಧಿ ತೆಗೆದರು. ನಮ್ಮ ಧಾರ್ಮಿಕ ವ್ಯವಹಾರ ನಮಗೆ ಬಿಟ್ಟದ್ದು ಎಂದರು. ಓದಿಕೊಂಡು ಬಂದಿದ್ದರು, ಅದು ನನಗೆ ಸಂತೋಷವೇ. ಪೂಜೆ ಯಾವ ಕ್ರಮದಲ್ಲಿ ಆಗಬೇಕು, ಗರ್ಭಗುಡಿಗೆ ಯಾರು ಹೋಗಬೇಕು ಎಂಬುದು ಧರ್ಮದ ವ್ಯವಹಾರ ಇರಬಹುದು. ಬಳೆ, ಬತ್ತಾಸು, ಪೀಪಿ, ಐಸ್‌ಕ್ರೀಮು ಮಾರುವುದು ಯಾವ ಆಗಮದಲ್ಲಿದೆ? ಧರ್ಮಾಚರಣೆಗೆ ಅಂಟಿಕೊಂಡ ಹಣಕಾಸಿನ ಚಟುವಟಿಕೆಯನ್ನು ಸರ್ಕಾರ ನಿಯಂತ್ರಿಸಬಹುದು ಎಂದು 25ನೇ ವಿಧಿ ಬೇರೆಯಾಗಿಯೇ ಹೇಳುತ್ತದೆ. ಅದು ವ್ಯಾಪಾರ, ಪೂಜೆ ಅಲ್ಲ. ವ್ಯಾಪಾರದ ಹಕ್ಕನ್ನು 19ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಸರ್ಕಾರ ನೇಮಿಸಿದ ಸಮಿತಿ ಧರ್ಮ ನೋಡಿ ಏಲಂ ಕೂಗುವ ಹಾಗಿಲ್ಲ.

ಆಗ ಅರ್ಚಕರು ಬಾಯಿ ತೆರೆದರು. ಸಭೆಗಳಲ್ಲಿ ಅವರು ಮಾತಾಡುವುದು ಅಪರೂಪ. "ವರ್ಷವಿಡೀ ಒಳಗಿರುವ ದೇವರು ಉತ್ಸವದ ದಿನ ಹೊರಗೆ ಬರುವುದು ಯಾಕೆ? ಒಳಗೆ ಬರಲಾಗದವರಿಗೂ ಕಾಣಲಿ ಅಂತ. ರಥಬೀದಿಯಲ್ಲಿ ಯಾರು ನಿಲ್ಲಬಾರದು ಅಂತ ಹೇಳುವುದಕ್ಕೆ ನನಗೆ ಅಧಿಕಾರ ಇಲ್ಲ, ನಿಮಗೂ ಇಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆದರೂ ನಿರ್ಣಯ ಪಾಸಾಯಿತು. ವಿರೋಧಿಸಿದವರು ನಾನು ಮತ್ತು ಅರ್ಚಕರು ಮಾತ್ರ. ಇನ್ನೊಬ್ಬ ಮಹಿಳಾ ಸದಸ್ಯೆ ನನ್ನ ಕೈ ಮುಟ್ಟಿ ನೆಲ ನೋಡಿದಳು. ಅವಳ ಗಂಡನ ಕೆಲಸ ಆ ಮನವಿ ಕೊಟ್ಟವರ ಕಡೆಯವರಲ್ಲಿ.

ಕಾರ್ಯದರ್ಶಿಗಳು "ಸರ್ವಾನುಮತದಿಂದ" ಎಂದು ಬರೆಯಲು ಹೊರಟಿದ್ದರು. ತಡೆದೆ. ನಡಾವಳಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡು, ನಿರ್ಣಯ ಸಂವಿಧಾನಕ್ಕೂ ಈ ದೇವಸ್ಥಾನದ ರೂಢಿಗೂ ವಿರುದ್ಧ ಎಂದು ನನ್ನ ಆಕ್ಷೇಪವನ್ನು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಅರ್ಚಕರು ಕೆಳಗೆ ತಮ್ಮ ಸಹಿ ಹಾಕಿದರು. ನೀಲಿ ಶಾಯಿಯ ಆರು ಸಾಲು. ಹಿಂದಿನ ಪುಟದಲ್ಲಿ ದೀಪದ ಎಣ್ಣೆಯ ಖರ್ಚಿನ ಲೆಕ್ಕ ಇತ್ತು.

ಮಾರ್ಚ್ 31, ಗುರುವಾರ

ಪತ್ರಿಕೆಯಲ್ಲಿ ಸಮಾಧಾನದ ಸುದ್ದಿಗಳೂ ಇವೆ. ಕೆ. ಮರುಳಸಿದ್ದಪ್ಪ, ಬೊಳುವಾರು ಮಹಮದ್ ಕುಂಞಿ ಸೇರಿ 61 ಜನ ಲೇಖಕರು, ಚಿಂತಕರು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಗೆ ಪತ್ರ ಬರೆದಿದ್ದಾರೆ. ಆಳುವ ಪಕ್ಷದ ಒಳಗಿಂದಲೇ ಎಚ್. ವಿಶ್ವನಾಥ್, ಬೆಳಗಾವಿಯ ಶಾಸಕ ಅನಿಲ್ ಬೆನಕೆ ಈ ನಿಷೇಧ ಸರಿಯಲ್ಲ ಎಂದಿದ್ದಾರೆ. ತಮ್ಮದೇ ಮನೆಯಲ್ಲಿ ನಿಂತು ತಪ್ಪು ಎನ್ನುವುದಕ್ಕೆ ಹೆಚ್ಚು ಧೈರ್ಯ ಬೇಕು, ಅವರಿಗೆ ನನ್ನ ನಮಸ್ಕಾರ. ಅತ್ತ ಯುಗಾದಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ಜೋರಾಗಿದೆ.

ಏಪ್ರಿಲ್ 6, ಬುಧವಾರ

ಬೆಳಿಗ್ಗೆ ನಾವು ಬಾಯಿ ಎಂದು ಕರೆಯುವ ಪಕ್ಕದ ಮನೆಯ ಕ್ರೈಸ್ತ ಹೆಂಗಸಿನೊಂದಿಗೆ ಮಲ್ಲಿಗೆ ಕೊಯ್ಯಲು ಹೋಗಿದ್ದೆ. ಅವಳ ತವರು ಶಂಕರಪುರ. ಅಲ್ಲಿಂದ ತಂದ ಗಿಡಗಳೇ ಈಗ ಅಂಗಳ ತುಂಬಿವೆ. ಬಿಸಿಲೇರುವ ಮೊದಲು ಮೊಗ್ಗು ಕೀಳಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅವಳು ಬೆರಳಲ್ಲಿ ಎಣಿಸುವ ವೇಗಕ್ಕೆ ನನ್ನ ಕಣ್ಣು ಸೋಲುತ್ತದೆ. ಕ್ರೈಸ್ತರ ಅಂಗಳದಲ್ಲಿ ಅರಳಿದ ಈ ಹೂವಿಲ್ಲದೆ ಉಡುಪಿ ಸೀಮೆಯಲ್ಲಿ ನೇಮ ನಡೆಯುವುದಿಲ್ಲ, ದೇವಿಗೆ ಅಲಂಕಾರ ಆಗುವುದಿಲ್ಲ, ಮದುಮಗಳು ಮಂಟಪ ಹತ್ತುವುದಿಲ್ಲ.

ಸಭೆಯ ಸುದ್ದಿ ಅವಳಿಗೂ ತಲುಪಿತ್ತು. ಹೂ ಕಟ್ಟುತ್ತಲೇ 2008ರ ಸೆಪ್ಟೆಂಬರ್ 14 ನೆನಪು ಮಾಡಿಕೊಂಡಳು. ಅವತ್ತು ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಪಕ್ಕದ ಆರಾಧನಾ ಮಠಕ್ಕೆ ನುಗ್ಗಿ ಶಿಲುಬೆ ಒಡೆದ ದಿನ. ಜಿಲ್ಲೆಯ ಬೇರೆ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿಯಾಗಿತ್ತು. ಆಮೇಲೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಬಂತು, 2011ರಲ್ಲಿ ವರದಿಯೂ ಬಂತು. ಅವಳಿಗೆ ನೆನಪಿರುವುದು ಆಯೋಗ ಅಲ್ಲ. ಮಾರನೆಯ ದಿನ ಹೂವಿನ ಕಟ್ಟೆಗೆ ಹೋಗಲು ಹೆದರಿ ಕೂತಿದ್ದಾಗ, ಹೂ ಕೊಳ್ಳುವ ಬ್ಯಾರಿಯೂ ದೇವಸ್ಥಾನಕ್ಕೆ ಮಾಲೆ ಒಯ್ಯುವ ಭಟ್ಟರೂ ಮನೆಬಾಗಿಲಿಗೆ ಬಂದು ಹೂ ತೆಗೆದುಕೊಂಡು ಹೋದದ್ದು. "ಅವರು ಏನೂ ಹೇಳಲಿಲ್ಲ. ಬಂದರು, ಅಷ್ಟೇ" ಎಂದಳು.

ಮೊನ್ನೆ ಡಿಸೆಂಬರಿನಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟ ಮೇಲೆ ಅವಳ ಮನೆಯ ಶುಕ್ರವಾರದ ಪ್ರಾರ್ಥನೆಗೆ ಬರುವವರು ಕಡಿಮೆಯಾಗಿದ್ದಾರಂತೆ. ಮನೆಯೊಳಗೆ ಜಪಮಾಲೆ ಹಿಡಿಯಲೂ ಆಚೀಚೆ ನೋಡಬೇಕಾದ ಸ್ಥಿತಿಯನ್ನು ನಾನು ಒಪ್ಪಲಾರೆ.

ಏಪ್ರಿಲ್ 10, ಭಾನುವಾರ

ನಿನ್ನೆ ಧಾರವಾಡದ ನುಗ್ಗಿಕೇರಿ ಆಂಜನೇಯನ ಗುಡಿ ಎದುರು ಮುದುಕರೊಬ್ಬರ ಗಾಡಿಯ ಕಲ್ಲಂಗಡಿಗಳನ್ನೆಲ್ಲ ನೆಲಕ್ಕೆಸೆದು ಒಡೆದಿದ್ದಾರೆ. ವಿಡಿಯೊ ನೋಡಿದೆ. ಹಣ್ಣು ಬೆಳೆದ ರೈತ ಯಾವ ಜಾತಿಯೋ, ಹೊತ್ತು ತಂದವನು ಯಾರೋ. ಮಾರುವವರ ಧರ್ಮ ಒಂದೇ ಕಂಡದ್ದು. ಮೊಕದ್ದಮೆ ಆಗಿದೆ, ಬಂಧನವೂ ಆಗಿದೆ. ಎಲ್ಲೆಲ್ಲಿಂದಲೋ ಜನ ಆ ಹಿರಿಯರಿಗೆ ಹಣ ಕಳಿಸುತ್ತಿದ್ದಾರಂತೆ. ನಾನೂ ಕಳಿಸುವವಳಿದ್ದೇನೆ. ಆದರೆ ಒಡೆದವರು ಈ ಧೈರ್ಯವನ್ನು ಎಲ್ಲಿಂದ ಪಡೆದರು? ನಮ್ಮಂಥ ಸಮಿತಿಗಳ ನಿರ್ಣಯಗಳಿಂದ ಎಂದೇ ನನ್ನ ನಂಬಿಕೆ. ಗೌರವಸ್ಥರು ಕಾಗದದ ಮೇಲೆ ಯಾರನ್ನು ಹೊರಗಿಡುತ್ತಾರೋ, ಅವರ ಗಾಡಿಗೆ ಬೀದಿಯಲ್ಲಿ ಕೈಹಾಕುವುದು ಸುಲಭ.

ಏಪ್ರಿಲ್ 14, ಗುರುವಾರ

ಅಂಬೇಡ್ಕರ್ ಜಯಂತಿ. ಬೇಲೂರಿನಿಂದ ಒಳ್ಳೆಯ ಸುದ್ದಿ. ಚೆನ್ನಕೇಶವನ ರಥ ಹೊರಡುವ ಮೊದಲು ಕುರಾನ್ ಪಠಣ ಆಗುವುದು ಅಲ್ಲಿಯ ಹಳೆಯ ಪದ್ಧತಿ. ಬೇಡವೆಂಬ ಒತ್ತಾಯ ಇದ್ದರೂ ನಿನ್ನೆ ಅದು ನಡೆದಿದೆ. ಮುಜರಾಯಿ ಇಲಾಖೆಯೇ ಅನುಮತಿ ಕೊಟ್ಟಿದೆ. ಅಂದರೆ ಅದೇ ಕಾಯಿದೆ, ಅದೇ ಇಲಾಖೆ. ಮನಸ್ಸು ಇದ್ದಲ್ಲಿ ದಾರಿ ಸಿಗುತ್ತದೆ. ಸುದ್ದಿಯ ತುಣುಕನ್ನು ಕತ್ತರಿಸಿ ಅಧ್ಯಕ್ಷರ ಮನೆಗೆ ಕೊಟ್ಟುಬಂದೆ. ಓದಿ ಮಡಿಸಿ ಜೇಬಿಗಿಟ್ಟುಕೊಂಡರು.

ಏಪ್ರಿಲ್ 17, ಭಾನುವಾರ

ಬೆಂಗಳೂರು ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಯೇ ಬಂದಿದೆ. ಹೋಗಬಾರದು ಎಂದವರಿಗೆ ಧರ್ಮರಾಯಸ್ವಾಮಿ ಗುಡಿಯವರು ಸೊಪ್ಪು ಹಾಕಲಿಲ್ಲ.

ಏಪ್ರಿಲ್ 25, ಸೋಮವಾರ

ಜಾತ್ರೆ ಮುಗಿಯಿತು.

ಮೊದಲೇ ಪಂಚಾಯಿತಿಗೆ ಹೋಗಿ ಅಭಿವೃದ್ಧಿ ಅಧಿಕಾರಿಯನ್ನು ಕಂಡಿದ್ದೆ. ದೇವಸ್ಥಾನದ ಜಾಗ ಮುಗಿದ ಮೇಲಿನ ರಸ್ತೆ ಯಾರದು ಎಂದು ಕೇಳಿದೆ. ಪಂಚಾಯಿತಿಯದೇ. ಸಚಿವರೇ ಸದನದಲ್ಲಿ ಹೊರಗಿನದು ಬೇರೆ ಎಂದಿದ್ದಾರೆ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ಕಾಪಾಡುವುದು ಈ ದೇಶದ ನೀತಿ ಎಂದು 2014ರಲ್ಲಿ ಸಂಸತ್ತೇ ಕಾಯಿದೆ ಮಾಡಿ ಹೇಳಿದೆ. ಹಾಗಾದರೆ ಅಲ್ಲಿ ಕೂರುವವರ ಧರ್ಮ ಕೇಳುವ ಹಕ್ಕು ಯಾರಿಗೂ ಇಲ್ಲ ಎಂದು ಲಿಖಿತವಾಗಿ ಕೊಟ್ಟೆ, ಪೊಲೀಸ್ ಠಾಣೆಗೂ ಪ್ರತಿ ಕೊಟ್ಟೆ. ಆ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೆಚ್ಚು ಮಾತಾಡಲಿಲ್ಲ, ಜಾಗ ಗುರುತು ಮಾಡಿಸಿ ರಸೀದಿ ಹರಿದು ಕೊಟ್ಟಳು.

ಎಲ್ಲರೂ ಬರಲಿಲ್ಲ. ಪೀಪಿ ಮಾರುವವರು ಹೆದರಿ ಬೇರೆ ಕಡೆ ಹೋಗಿದ್ದರು. ಬಳೆಯವಳು ಬಂದಳು. ರಥಬೀದಿಯಿಂದ ದೂರ, ದೀಪದ ಸರ ತಲುಪದ ಕಡೆ ತಾಡಪಾಲು ಕಟ್ಟಿದಳು. ನಾನು ಮೊದಲ ಸಂಜೆಯಿಂದಲೇ ಅಲ್ಲಿ ಕುರ್ಚಿ ಹಾಕಿ ಕೂತೆ. ಹಳೆಯ ವಿದ್ಯಾರ್ಥಿನಿಯರು ನನ್ನನ್ನು ಕಂಡು ಬಂದರು, ಬಂದವರು ಕೈ ಚಾಚಿದರು. ಎರಡನೆಯ ದಿನ ಅರ್ಚಕರ ಮನೆಯವರು ಸೊಸೆಯನ್ನು ಕರೆದುಕೊಂಡು ಬಂದು, ಎಲ್ಲರೂ ನೋಡುವಂತೆ, ಎರಡೂ ಕೈಗೆ ಹಸಿರು ಬಳೆ ತೊಡಿಸಿಕೊಂಡು ಹೋದರು. ಮನವಿ ಕೊಟ್ಟ ಹುಡುಗರಲ್ಲಿ ಇಬ್ಬರು ಬೈಕಿನಲ್ಲಿ ಬಂದು ನಿಂತರು. ಒಬ್ಬ ನನ್ನ ಶಿಷ್ಯ. ಹೆಸರು ಹಿಡಿದು ಕರೆದು, ತಾಯಿ ಹೇಗಿದ್ದಾಳೆ ಎಂದು ಕೇಳಿದೆ. ಉತ್ತರ ಕೊಟ್ಟು ಹೊರಟುಹೋದ.

ಇದನ್ನು ಗೆಲುವು ಎನ್ನಲಾರೆ. ಅವಳ ವ್ಯಾಪಾರ ಹಿಂದಿನ ಅರ್ಧಕ್ಕೂ ಬರಲಿಲ್ಲ. ಸಾಲ ಹಾಗೆಯೇ ಇದೆ. ಅತ್ತೆಯ ಕಾಲದಿಂದ ಕೂತ ಜಾಗದಲ್ಲಿ ಈ ಸಲ ಬೇರೆಯವರು ಬಳೆ ಮಾರಿದರು. ಅವರೂ ಬಡವರೇ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಮೇ 15, ಭಾನುವಾರ

ನಿನ್ನೆ ಉಡುಪಿಯಲ್ಲಿ ಸಹಬಾಳ್ವೆ ಸಮಾವೇಶ. ಅಜ್ಜರಕಾಡಿನಿಂದ ಮೆರವಣಿಗೆ. ದಲಿತ ಸಂಘಟನೆಯವರು, ಪಾದ್ರಿಗಳು, ಮೌಲವಿಗಳು, ಕಾವಿ ಉಟ್ಟವರು, ಕಾಲೇಜು ಹುಡುಗಿಯರು, ಹಿಜಾಬ್ ತೊಟ್ಟವರು, ತೊಡದವರು. ಯೋಗೇಂದ್ರ ಯಾದವ್, ಸಸಿಕಾಂತ್ ಸೆಂಥಿಲ್ ಬಂದಿದ್ದರು. ಬಿಸಿಲಿಗೆ ಮಂಡಿ ನೋಯುತ್ತಿದ್ದರೂ ಬಾಯಿಯ ಹೆಗಲು ಹಿಡಿದು ಮೈದಾನದವರೆಗೂ ನಡೆದೆ. ಈ ನಾಲ್ಕು ತಿಂಗಳಲ್ಲಿ ಜಿಲ್ಲೆಯ ಹೆಸರು ಕೆಟ್ಟ ಸುದ್ದಿಗೆ ಮಾತ್ರ ಬಂದಿತ್ತು. ಅಷ್ಟೊಂದು ಜನರ ನಡುವೆ ನಿಂತಾಗ ಎದೆ ತುಂಬಿ ಬಂತು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಸಾವಿರಾರು ಜನರ ನಡುವೆ ನಡೆಯುವುದು ಕಷ್ಟದ ಕೆಲಸ ಅಲ್ಲ. ಒಂಬತ್ತು ಜನರ ಮೇಜಿನಲ್ಲಿ ಒಬ್ಬರೇ ಬೇಡ ಎನ್ನುವುದು ಕಷ್ಟ, ಕೆಲಸ ಆಗಬೇಕಾಗಿರುವುದೂ ಅಲ್ಲೇ. ಜಿಲ್ಲೆಯ ಪ್ರತಿ ದೇವಸ್ಥಾನದ ಸಮಿತಿಯಲ್ಲಿ ಒಬ್ಬರಾದರೂ ಸರ್ವಾನುಮತ ಎಂಬುದನ್ನು ಹೊಡೆದು ಹಾಕಿಸಿದ್ದರೆ ಈ ವರ್ಷ ಬೇರೆಯೇ ಆಗುತ್ತಿತ್ತು. 31(12)ನೇ ನಿಯಮ ರದ್ದಾಗಬೇಕು. ಅದಕ್ಕೆ ಸರ್ಕಾರದ ಮೇಲೆ ಒತ್ತಡ ತರಬೇಕಾದವರು ನಾವು, ಹಿಂದೂಗಳು. ಬಳೆಯವಳು ಬಂದು ಕೇಳಲಿ ಎಂದು ಕಾಯುವುದು ನ್ಯಾಯ ಅಲ್ಲ.

ಇವತ್ತು ಬೆಳಿಗ್ಗೆ ಕಾರ್ಯದರ್ಶಿಗಳ ಮನೆಗೆ ಹೋಗಿ ಪತ್ರ ಕೊಟ್ಟೆ. ಮಾರ್ಚ್ 27ರ ನಿರ್ಣಯ ರದ್ದುಪಡಿಸುವ ವಿಷಯವನ್ನು ಮುಂದಿನ ಸಭೆಯ ಪಟ್ಟಿಗೆ ಸೇರಿಸಬೇಕು ಎಂದು ಕೋರಿದ್ದೇನೆ. ಈ ಸಲ ಪತ್ರದಲ್ಲಿ ಮೂರು ಸಹಿಗಳಿವೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ.